ಒಂದು ಪುಟ್ಟ ತೂಬಿನ ಗಣಿತ



ಕನ್ನಡದಲ್ಲಿ ‘ಜಲಬಾಧೆ’ ಎಂದೊಂದು ಮಾತುಂಟು. ಈಗಿನ ಹುಡುಗರು ಅದನ್ನು ಆಡುವುದಿಲ್ಲ. ಹಿರಿಯರ ಬಾಯಲ್ಲಿಯೂ ಹಳೆಯ ಕಾದಂಬರಿಗಳಲ್ಲಿಯೂ ಅದು ಉಳಿದುಕೊಂಡಿದೆ. ಶಾಲೆಯ ಮಕ್ಕಳಾದರೆ ‘ಒಂದಕ್ಕೆ’ ಎಂದು ಕಿರುಬೆರಳನ್ನು ಎತ್ತುತ್ತಾರೆ. ಈ ಕೆಲಸವನ್ನು ನೇರವಾಗಿ ಹೆಸರಿಸದೆ ಮರೆಯಲ್ಲಿಟ್ಟು ಮಾತನಾಡುವುದೇ ನಮ್ಮಲ್ಲಿ ಸಭ್ಯತೆಯೆನಿಸಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಹೋಗಬೇಕೆನ್ನಿಸುವ ಬಾಧೆಗೆ ನಮ್ಮಲ್ಲಿ ಮರ್ಯಾದೆಯ ಹೆಸರಿದೆ. ತಡೆಯಲಾರದೆ ತಾನಾಗಿ ಸೋರಿಹೋಗುವ ಬಾಧೆಗೆ ಅಂಥ ಹೆಸರಿಲ್ಲ. ಹೆಸರಿಲ್ಲದುದರಿಂದ ಅದನ್ನು ಮನೆಯವರ ಮುಂದೆ ಆಡುವುದಿಲ್ಲ, ವೈದ್ಯರ ಮುಂದೆ ಕುಳಿತಾಗಲೂ ಮಂಡಿನೋವಿನ ಮಾತನ್ನಾಡಿ ಎದ್ದು ಬರುತ್ತೇವೆ.

ನಾನು ವೈದ್ಯನಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ವಸ್ತುಗಳ ಬಲವನ್ನು ಕುರಿತ ಪಾಠ ಹೇಳಿದವನು. ಕಬ್ಬಿಣದ ಸರಳನ್ನು ಎಷ್ಟು ಎಳೆದರೆ ತುಂಡಾದೀತು, ತೊಲೆ ಎಷ್ಟು ಭಾರಕ್ಕೆ ಬಾಗೀತು ಎಂಬ ಲೆಕ್ಕಗಳಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆಯಿತು. ಅಂಥವನು ಇಂಥ ವಿಷಯಕ್ಕೆ ಕೈಹಾಕಿದ್ದೇಕೆಂದು ತಾವು ಕೇಳಬಹುದು. ತೊಲೆಗೂ ಸೇತುವೆಗೂ ಹುಟ್ಟಿದ ಆ ಲೆಕ್ಕವೇ ಇಂದು ಮನುಷ್ಯದೇಹದ ಒಳಗೆ, ಅದರ ಅತ್ಯಂತ ಮೃದುವಾದ, ಅತ್ಯಂತ ಸಂಕೋಚದ ಜಾಗದವರೆಗೂ ಹೋಗಿದೆ ಎಂಬುದೇ ಕಾರಣ. ಅದು ಅಲ್ಲಿ ಏನು ಮಾಡುತ್ತಿದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ಹೇಳಬೇಕೆಂದು ಬಂದಿದ್ದೇನೆ.

ಈ ತೊಂದರೆಯುಳ್ಳವರ ದಿನಚರಿಯನ್ನು ಹೊರಗಿನವರು ಊಹಿಸಲಾರರು. ಮರುದಿನ ಬಸ್ಸಿನ ಪ್ರಯಾಣವಿದ್ದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ನಿಲ್ಲುತ್ತದೆ. ಮದುವೆಯ ಮನೆಯಲ್ಲಿ ಬಾಗಿಲ ಬಳಿಯ ಕುರ್ಚಿಯನ್ನೇ ಹುಡುಕಬೇಕು. ಕೈಚೀಲದಲ್ಲಿ ಇನ್ನೊಂದು ಸೀರೆ ಇರಬೇಕು, ಉಟ್ಟ ಸೀರೆ ಗಾಢಬಣ್ಣದ್ದಾಗಿರಬೇಕು. ನಕ್ಕರೆ ಭಯ, ಕೆಮ್ಮಿದರೆ ಭಯ, ತುಂಬಿದ ಕೊಡವನ್ನು ಎತ್ತಿದರೆ ಭಯ. ಹೆಂಗಸರಲ್ಲಿ ಹೆರಿಗೆಯ ನಂತರ ಬರುವುದು ಹೆಚ್ಚು. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೆ ಕೆಲವರಿಗೆ ಬರುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೂ ಬರಬಹುದು. ಒಮ್ಮೆಲೇ ಅವಸರವಾಗಿ ತಡೆಯಲಾಗದೆ ಹೋಗುವುದು ಒಂದು ಬಗೆ. ಹೊಟ್ಟೆಯ ಮೇಲೆ ಒತ್ತಡ ಬಿದ್ದಾಗ ಸೋರುವುದು ಇನ್ನೊಂದು ಬಗೆ. ನಾನು ಹೇಳಹೊರಟಿರುವುದು ಎರಡನೆಯದನ್ನು ಕುರಿತು. ಅದರಲ್ಲಿಯೂ, ವ್ಯಾಯಾಮದಿಂದಲೂ ಔಷಧಿಯಿಂದಲೂ ಸರಿಹೋಗದೆ, ಒಳಗೆ ಒಂದು ಸಾಧನವನ್ನು ಇಡಲೇಬೇಕಾದ ಸಂದರ್ಭವನ್ನು ಕುರಿತು.

ಮೊದಲು ಪ್ರಕೃತಿಯ ವ್ಯವಸ್ಥೆಯನ್ನು ನೋಡೋಣ. ಮೂತ್ರಕೋಶವನ್ನು ಒಂದು ಪುಟ್ಟ ಕೆರೆಯೆನ್ನಿ. ಪ್ರೌಢ ಮನುಷ್ಯನಲ್ಲಿ ಅದು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಕೆರೆಗೆ ತೂಬು ಇರುವಂತೆ ಇದಕ್ಕೂ ಒಂದು ತೂಬು ಇದೆ. ಮೂತ್ರನಾಳದ ಸುತ್ತ ಬಳೆಯಂತೆ ಕುಳಿತ ಸಂಕೋಚಕ ಸ್ನಾಯುಗಳೇ ಆ ತೂಬು. ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳುವ ನೀರುಗಂಟಿಯ ಕೆಲಸ ನರಗಳದು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಮೂತ್ರನಾಳವೆಂದರೆ ನಲ್ಲಿಯ ಕೊಳವೆಯಂತೆ ಸದಾ ತೆರೆದಿರುವ ದುಂಡನೆಯ ರಂಧ್ರವೆಂದು ಭಾವಿಸಬಾರದು. ಸುಮ್ಮನಿರುವಾಗ ಅದರ ಒಳಪದರ ಮಡಿಕೆ ಮಡಿಕೆಯಾಗಿ ಒಂದಕ್ಕೊಂದು ಒತ್ತಿ ಮುಚ್ಚಿಕೊಂಡಿರುತ್ತದೆ. ನಮ್ಮ ಅಜ್ಜಿಯರ ಎಲೆಯಡಿಕೆಯ ಸಂಚಿಯನ್ನು ನೆನೆದುಕೊಳ್ಳಿ. ದಾರವನ್ನು ಎಳೆದರೆ ಬಾಯಿಯ ಬಟ್ಟೆಯೆಲ್ಲ ನೆರಿಗೆಗಟ್ಟಿ ಕೂಡಿಕೊಳ್ಳುವುದಲ್ಲವೆ? ಹಾಗೆ. ದಾರದ ಬಲದಷ್ಟೇ ಬಟ್ಟೆಯ ಮೃದುತ್ವವೂ ಆ ಮುಚ್ಚುವಿಕೆಗೆ ಬೇಕು. ಗೋಣಿಯ ಬಟ್ಟೆಯಲ್ಲಿ ಸಂಚಿ ಹೊಲಿದರೆ ಎಷ್ಟು ಎಳೆದರೂ ನಡುವೆ ಕಿಂಡಿ ಉಳಿಯುತ್ತದೆ.

ದಾರ ಸಡಿಲವಾದಾಗ, ಎಂದರೆ ಆ ಸ್ನಾಯು ಕೆಟ್ಟಾಗ, ಹೊರಗಿನಿಂದ ಇನ್ನೊಂದು ದಾರವನ್ನು ಕಟ್ಟಬಹುದೆ ಎಂಬುದು ಹಳೆಯ ಯೋಚನೆ. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಹಾಕುವ ಮೂತ್ರದ ರಬ್ಬರ್ ನಳಿಕೆಗೆ ಹೆಸರು ಕೊಟ್ಟ ಅಮೆರಿಕದ ವೈದ್ಯ ಫ್ರೆಡರಿಕ್ ಫೋಲಿ, 1947ರಲ್ಲೇ ಮೂತ್ರನಾಳದ ಸುತ್ತ ಉಬ್ಬುವ ಪಟ್ಟಿಯೊಂದನ್ನು ಸುತ್ತಿ ಮುಚ್ಚುವ ಉಪಾಯವನ್ನು ಪ್ರಕಟಿಸಿದ್ದ. ಆ ಕಾಲದ ಸಾಮಗ್ರಿಗಳಿಂದ ಅದು ನಡೆಯಲಿಲ್ಲ. ದೇಹ ಸಹಿಸುವ ಸಿಲಿಕೋನ್ ರಬ್ಬರ್ ಬಂದ ಮೇಲೆ, 1972ರಲ್ಲಿ ಹ್ಯೂಸ್ಟನ್ ನಗರದ ಶಸ್ತ್ರವೈದ್ಯ ಬ್ರ್ಯಾಂಟ್ಲಿ ಸ್ಕಾಟ್, ವಿಲಿಯಂ ಬ್ರ್ಯಾಡ್ಲಿ ಮತ್ತು ಜೆರಾಲ್ಡ್ ಟಿಮ್ ಎಂಬವರೊಡನೆ ಸೇರಿ ರೂಪಿಸಿದ ಕೃತಕ ಸಂಕೋಚಕವನ್ನು ಮನುಷ್ಯನ ಒಳಗೆ ಇಟ್ಟ. ಅದನ್ನು ತಿದ್ದಿ ತಿದ್ದಿ 1980ರ ದಶಕದ ಆರಂಭದಲ್ಲಿ ‘ಎ.ಎಂ.ಎಸ್. 800’ ಎಂಬ ಮಾದರಿ ಬಂತು. ಇಂದಿಗೂ ಜಗತ್ತಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಅದರ ವಂಶವೇ.

ಅದರ ರಚನೆ ಎಷ್ಟು ಸರಳವೆಂದರೆ ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಮೂರು ಭಾಗಗಳು. ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುತ್ತಾರಲ್ಲ, ಅಂಥದೇ ಒಂದು ಪುಟಾಣಿ ಪಟ್ಟಿ, ಮೂತ್ರನಾಳದ ಸುತ್ತ. ಹೊಟ್ಟೆಯ ಕೆಳಭಾಗದಲ್ಲಿ, ಮೂತ್ರಕೋಶದ ಪಕ್ಕದಲ್ಲಿ, ದ್ರವ ತುಂಬಿದ ಒಂದು ಬೆಲೂನು. ಇವೆರಡರ ನಡುವೆ ಒಂದು ಚಿಕ್ಕ ಪಂಪು; ಗಂಡಸರಲ್ಲಿ ಅದನ್ನು ವೃಷಣದ ಚೀಲದಲ್ಲಿ ಇಡುತ್ತಾರೆ. ಬೆಲೂನು ಸದಾ ಒಂದೇ ಒತ್ತಡದಿಂದ ದ್ರವವನ್ನು ಪಟ್ಟಿಗೆ ನೂಕುತ್ತಿರುತ್ತದೆ. ಪಟ್ಟಿ ಉಬ್ಬಿ ನಾಳವನ್ನು ಮುಚ್ಚಿರುತ್ತದೆ. ಹೋಗಬೇಕೆನಿಸಿದಾಗ ಪಂಪನ್ನು ಚರ್ಮದ ಮೇಲಿನಿಂದಲೇ ಕೆಲವು ಸಲ ಅದುಮಿದರೆ ಪಟ್ಟಿಯ ದ್ರವ ಬೆಲೂನಿಗೆ ಹಿಂದಿರುಗುತ್ತದೆ, ದಾರಿ ತೆರೆಯುತ್ತದೆ. ಮೂರರಿಂದ ಐದು ನಿಮಿಷಗಳಲ್ಲಿ ಪಟ್ಟಿ ತಾನಾಗಿಯೇ ಮತ್ತೆ ತುಂಬಿ ಬಾಗಿಲು ಮುಚ್ಚುತ್ತದೆ. ಬೆಲೂನನ್ನು ಹೊಟ್ಟೆಯೊಳಗೆ ಇಟ್ಟುದರಲ್ಲಿಯೂ ಒಂದು ಜಾಣತನವಿದೆ: ಕೆಮ್ಮಿದಾಗ ಮೂತ್ರಕೋಶದ ಮೇಲೆ ಬಿದ್ದ ಒತ್ತಡ ಬೆಲೂನಿನ ಮೇಲೆಯೂ ಬೀಳುತ್ತದೆ, ಒಳಗಿನ ನೀರು ನುಗ್ಗುವಾಗ ಬಾಗಿಲೂ ತುಸು ಬಿಗಿಯಾಗುತ್ತದೆ.

ಸಾಮಾನ್ಯವಾಗಿ ಆರಿಸುವ ಬೆಲೂನಿನ ಒತ್ತಡ 61ರಿಂದ 70 ಸೆಂಟಿಮೀಟರ್ ನೀರಿನಷ್ಟು. ಈ ಅಳತೆಯನ್ನು ಕಣ್ಣಿಗೆ ಕಟ್ಟಿಕೊಳ್ಳುವುದು ಕಷ್ಟವಲ್ಲ. ನೆಲದ ಮೇಲಿನ ಒಂದು ರಬ್ಬರ್ ಚೀಲಕ್ಕೆ ಊಟದ ಮೇಜಿಗಿಂತ ತುಸು ತಗ್ಗಿನಲ್ಲಿಟ್ಟ ಚೊಂಬಿನಿಂದ ಕೊಳವೆಯಲ್ಲಿ ನೀರು ಬಿಟ್ಟರೆ ಚೀಲದ ಮೇಲೆ ಎಷ್ಟು ಒತ್ತಡವೋ ಅಷ್ಟು. ಬಹಳ ಅಲ್ಪವೆನಿಸುತ್ತದೆ. ಆದರೆ ಆ ಅಲ್ಪವನ್ನು ಹೊರುವುದು ಜೀವಂತ ಮಾಂಸ, ಅದೂ ಹಗಲಿರುಳು, ವರ್ಷಗಟ್ಟಲೆ. ರಕ್ತದೊತ್ತಡದ ಭಾಷೆಯಲ್ಲಿ ಹೇಳಿದರೆ ಇದು ಸುಮಾರು 45ರಿಂದ 51 ಮಿಲಿಮೀಟರ್ ಪಾದರಸ. ಆರೋಗ್ಯವಂತನ ಕೆಳಗಿನ ರಕ್ತದೊತ್ತಡ 80ರ ಆಸುಪಾಸಿನಲ್ಲಿರುವುದರಿಂದ ದೊಡ್ಡ ರಕ್ತನಾಳಗಳು ಮುಚ್ಚುವುದಿಲ್ಲ. ಆದರೆ ಕೂದಲಿಗಿಂತ ಸಣ್ಣವಾದ ಲೋಮನಾಳಗಳಲ್ಲಿ ರಕ್ತದ ಒತ್ತಡ 30ರ ಸುತ್ತಮುತ್ತ ಅಷ್ಟೆ. ಪಟ್ಟಿಯ ಒತ್ತು ಅವುಗಳವರೆಗೆ ಪೂರ್ತಿಯಾಗಿ ಮುಟ್ಟಿದರೆ ಅಲ್ಲಿನ ಅಂಗಾಂಶಕ್ಕೆ ಅನ್ನ ನೀರು ತಪ್ಪುತ್ತದೆ.

ಇಡೀ ಸಮಸ್ಯೆ ಇರುವುದು ಇಲ್ಲಿಯೇ. ನೀರನ್ನು ತಡೆಯಲು ಒತ್ತಬೇಕು; ಒತ್ತಿದರೆ ಒತ್ತಿಸಿಕೊಂಡದ್ದು ಸೊರಗುತ್ತದೆ. ಕಾಲಕ್ರಮದಲ್ಲಿ ಪಟ್ಟಿಯ ಅಡಿಯ ಮೂತ್ರನಾಳ ತೆಳುವಾಗಿ ಕೃಶವಾಗುವುದುಂಟು. ಕೆಲವೊಮ್ಮೆ ಪಟ್ಟಿಯೇ ನಾಳವನ್ನು ಕೊರೆದು ಒಳಗೆ ತೂರುವುದೂ ಉಂಟು. ಮನೆಯ ನಲ್ಲಿಯ ವಾಷರ್ ಸವೆದಾಗ ನಾವು ಮಾಡುವುದನ್ನು ನೆನೆಯಿರಿ. ತೊಟ್ಟಿಕ್ಕತೊಡಗಿತೆಂದು ಇನ್ನಷ್ಟು ಬಿಗಿಯುತ್ತೇವೆ. ಬಿಗಿದಷ್ಟೂ ವಾಷರ್ ಇನ್ನಷ್ಟು ಹಾಳಾಗುತ್ತದೆ. ನಾಳ ಸೊರಗಿ ಮತ್ತೆ ಸೋರತೊಡಗಿದ ರೋಗಿಗೆ ಇನ್ನೂ ಚಿಕ್ಕ ಪಟ್ಟಿಯನ್ನೋ, ಎರಡನೆಯ ಪಟ್ಟಿಯನ್ನೋ ಹಾಕಬೇಕಾಗಿ ಬರುವುದು ಇದೇ ಕಥೆ. ವ್ಯತ್ಯಾಸವೆಂದರೆ, ಈ ವಾಷರ್ ಅಂಗಡಿಯಲ್ಲಿ ಸಿಕ್ಕುವುದಿಲ್ಲ.

ಹಾಗಾದರೆ ಮುಚ್ಚಲು ಬೇಕಾದ ಅತಿ ಕಡಿಮೆ ಒತ್ತು ಎಷ್ಟು? ಪಟ್ಟಿ ಅಗಲವಾಗಿರಬೇಕೆ, ಕಿರಿದಾಗಿರಬೇಕೆ? ಈ ಪ್ರಶ್ನೆಗಳಿಗೆ ಬಹುಕಾಲ ಉತ್ತರ ಹೇಳಿದ್ದು ಶಸ್ತ್ರವೈದ್ಯರ ಕೈಯ ಅನುಭವ. ಆ ಅನುಭವ ದೊಡ್ಡದು, ನಾನು ಅದಕ್ಕೆ ನಮಸ್ಕರಿಸುತ್ತೇನೆ. ಆದರೆ ಅದು ಬೆಳೆಯುವುದು ರೋಗಿಯ ಮೈಮೇಲೆ. ಒಂದು ಪಟ್ಟಿ ಸರಿಯಿಲ್ಲವೆಂದು ತಿಳಿಯುವ ಹೊತ್ತಿಗೆ ಯಾರೋ ಒಬ್ಬರು ಎರಡನೆಯ ಬಾರಿ ಶಸ್ತ್ರಕ್ರಿಯೆಯ ಮೇಜನ್ನು ಏರಿರುತ್ತಾರೆ. ಆ ಯಾರೋ ಒಬ್ಬರ ಬದಲು ಅಂಕಿಗಳಿಂದ ಕಟ್ಟಿದ ಒಂದು ಮೂತ್ರನಾಳದ ಮೇಲೆ ಮೊದಲು ಪಟ್ಟಿಯನ್ನು ಸುತ್ತಿ ನೋಡಬಹುದಲ್ಲ ಎಂಬ ಯೋಚನೆಯಿಂದ ಗಣಕಯಂತ್ರ ಇಲ್ಲಿಗೆ ಬಂತು.

ಈ ಕೆಲಸ ಗಮನಾರ್ಹವಾಗಿ ನಡೆದ ಜಾಗಗಳಲ್ಲಿ ಒಂದು ಇಟಲಿಯ ಪಾದುವಾ ವಿಶ್ವವಿದ್ಯಾನಿಲಯ. ಆ ಹೆಸರನ್ನು ಕೇಳಿದಾಗ ನನ್ನಂಥ ಮೇಷ್ಟರ ಮೈ ಸ್ವಲ್ಪ ಪುಲಕಗೊಳ್ಳುತ್ತದೆ, ಶ್ರೋತೃಗಳು ಕ್ಷಮಿಸಬೇಕು. 1222ರಲ್ಲಿ ಸ್ಥಾಪಿತವಾದ ಆ ವಿದ್ಯಾಪೀಠದಲ್ಲಿ 1592ರಿಂದ 1610ರವರೆಗೆ ಗಣಿತ ಹೇಳಿದವನು ಗೆಲಿಲಿಯೋ. ತೊಲೆಗಳ ಬಲವನ್ನು ಕುರಿತ ನಮ್ಮ ಶಾಸ್ತ್ರಕ್ಕೆ ಅಡಿಗಲ್ಲಿಟ್ಟವನೂ ಅವನೇ. ಪ್ರಾಣಿ ದೊಡ್ಡದಾದಂತೆ ಅದರ ಎಲುಬು ಎಷ್ಟು ದಪ್ಪವಾಗಬೇಕೆಂದು ಕೇಳಿದವನೂ ಅವನೇ. ಅದೇ ಕಾಲದಲ್ಲಿ ಅಲ್ಲಿ ಶರೀರರಚನೆಯನ್ನು ಕಲಿಸುತ್ತಿದ್ದ ಫಾಬ್ರಿಸಿಯಸ್, ರಕ್ತನಾಳಗಳ ಒಳಗಿನ ಕವಾಟಗಳನ್ನು ಕುರಿತು 1603ರಲ್ಲಿ ಒಂದು ಪುಸ್ತಕ ಬರೆದ. ಅವುಗಳನ್ನು ಅವನು ಕರೆದದ್ದು ‘ಪುಟ್ಟ ಬಾಗಿಲುಗಳು’ ಎಂದು. 1602ರಲ್ಲಿ ಅಲ್ಲಿ ಪದವಿ ಪಡೆದ ಅವನ ಶಿಷ್ಯ ವಿಲಿಯಂ ಹಾರ್ವೆ ಮುಂದೆ 1628ರಲ್ಲಿ ರಕ್ತಪರಿಚಲನೆಯನ್ನು ಸಾಧಿಸಿದ್ದು ಹೇಗೆ? ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತವನ್ನು ಬಡಿತಗಳ ಸಂಖ್ಯೆಯಿಂದ ಗುಣಿಸಿ, ಅರ್ಧಗಂಟೆಯಲ್ಲಿ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚಾಗುತ್ತದೆಂದು ತೋರಿಸಿ. ಕಣ್ಣು ಕಾಣದುದನ್ನು ಗುಣಾಕಾರ ಕಂಡಿತು. ಪಾದುವಾದ ಇಂದಿನವರು ದೇಹದ ಇನ್ನೊಂದು ಪುಟ್ಟ ಬಾಗಿಲಿಗೆ ಲೆಕ್ಕ ಹಾಕುತ್ತಿರುವುದು ಅದೇ ಮನೆತನದ ಕೆಲಸವೆಂದು ನನಗೆ ತೋರುತ್ತದೆ.

ಲೆಕ್ಕದ ರೀತಿಯನ್ನು ಸ್ವಲ್ಪ ವಿವರಿಸುತ್ತೇನೆ. ಚುಕ್ಕಿ ರಂಗೋಲಿಯನ್ನು ನೋಡಿದ್ದೀರಿ. ಅಂಗಳದ ತುಂಬ ಚುಕ್ಕಿ ಇಟ್ಟು, ಚುಕ್ಕಿಗಳನ್ನು ಗೆರೆಗಳಿಂದ ಕೂಡಿಸಿದರೆ ಅಂಗಳವೆಲ್ಲ ಪುಟ್ಟ ಪುಟ್ಟ ಮನೆಗಳಾಗಿ ಒಡೆಯುತ್ತದೆ. ಒಂದು ವಸ್ತುವನ್ನೂ ಹಾಗೆಯೇ ಮನಸ್ಸಿನಲ್ಲಿ ಸಾವಿರಾರು ಪುಟ್ಟ ಮನೆಗಳಾಗಿ ಒಡೆದುಕೊಳ್ಳಬಹುದು. ಇಡೀ ವಸ್ತು ಹೇಗೆ ಬಾಗುತ್ತದೆಂಬುದು ಬಿಡಿಸಲಾಗದ ಒಗಟು. ಒಂದು ಪುಟ್ಟ ಮನೆ ಎಷ್ಟು ಒತ್ತಿದರೆ ಎಷ್ಟು ಕುಗ್ಗುತ್ತದೆಂಬುದು ಸುಲಭದ ಲೆಕ್ಕ. ಪ್ರತಿ ಚುಕ್ಕಿಯೂ ತನ್ನ ನೆರೆಯ ಚುಕ್ಕಿಗಳೊಡನೆ ಎಳೆದಾಡಿ ಸಮತೋಲಕ್ಕೆ ಬರಬೇಕೆಂದು ಸಮೀಕರಣಗಳನ್ನು ಬರೆದು, ಅವೆಲ್ಲವನ್ನೂ ಗಣಕಯಂತ್ರಕ್ಕೆ ಒಪ್ಪಿಸಿದರಾಯಿತು. ವಿಮಾನದ ರೆಕ್ಕೆಗಳ ಲೆಕ್ಕಕ್ಕಾಗಿ 1950ರ ದಶಕದಲ್ಲಿ ಬೆಳೆದ ವಿಧಾನವಿದು. 1960ರಲ್ಲಿ ಬರ್ಕ್ಲಿಯ ಪ್ರಾಧ್ಯಾಪಕ ರೇ ಕ್ಲಫ್ ಇದಕ್ಕೆ ‘ಫೈನೈಟ್ ಎಲಿಮೆಂಟ್’ ಎಂದು ಹೆಸರಿಟ್ಟರು.

ಆದರೆ ರೆಕ್ಕೆಯ ಲೋಹ ಒಂದು ರೀತಿ, ಮಾಂಸ ಇನ್ನೊಂದು ರೀತಿ. ಲೋಹವನ್ನು ಎರಡರಷ್ಟು ಎಳೆದರೆ ಎರಡರಷ್ಟು ಹಿಗ್ಗುತ್ತದೆ, ಒಂದು ಮಿತಿಯವರೆಗೆ. ಮಾಂಸ ಉಣ್ಣೆಯ ಸ್ವೆಟರಿನ ಹಾಗೆ. ಮೊದಲು ಸುಲಭವಾಗಿ ಹಿಗ್ಗುತ್ತದೆ. ಒಳಗಿನ ಸುರುಳಿಗಳೆಲ್ಲ ನೆಟ್ಟಗಾದ ಮೇಲೆ ಹಠ ಹಿಡಿಯುತ್ತದೆ. ಇದಕ್ಕೆ ಗಣಿತದ ರೂಪ ಕೊಟ್ಟವರಲ್ಲಿ ಮುಖ್ಯರು ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವೈ. ಸಿ. ಫಂಗ್. ಅವರೂ ಮೊದಲು ವಿಮಾನಶಾಸ್ತ್ರದವರೇ. 1960ರ ದಶಕದಲ್ಲಿ ಅದನ್ನು ಬಿಟ್ಟು ಮೊಲದ ಕರುಳಿನ ಪೊರೆಯನ್ನು ಎಳೆದು ಅಳೆಯಲು ಕುಳಿತರು. 2019ರಲ್ಲಿ, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು. ವಿಮಾನವನ್ನು ಬಿಟ್ಟು ಮೊಲದ ಪೊರೆಗೆ ಬಂದ ಮನುಷ್ಯನ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಪಾದುವಾದಲ್ಲಿ ಆರ್ಟುರೊ ನತಾಲಿ ಮತ್ತು ಅವರ ಸಹೋದ್ಯೋಗಿಗಳು ಮೊದಲು ಮಾಡಿದ್ದು ಅಂಥದೇ ಅಳತೆಯ ಕೆಲಸವನ್ನು. ಗಣಕಯಂತ್ರ ತಾನಾಗಿ ಏನನ್ನೂ ತಿಳಿಯದು. ಮೂತ್ರನಾಳದ ಗೋಡೆ ಎಷ್ಟು ಮೃದು ಎಂದು ಯಾರಾದರೂ ಅದಕ್ಕೆ ಹೇಳಬೇಕು. ಅವರು ಕುದುರೆಯ ಮೂತ್ರನಾಳವನ್ನು ತೆಗೆದುಕೊಂಡು, ಅದರ ಅಂಗಾಂಶವನ್ನು ಎಳೆದು, ನಾಳದೊಳಗೆ ದ್ರವ ತುಂಬಿ ಹಿಗ್ಗಿಸಿ, ಪ್ರತಿ ಹೆಜ್ಜೆಯಲ್ಲೂ ಎಷ್ಟು ದ್ರವಕ್ಕೆ ಎಷ್ಟು ಒತ್ತಡವೆಂದು ಬರೆದುಕೊಂಡರು. ಒಳಗಿನ ಮೆತ್ತನೆಯ ಪದರಕ್ಕೆ ಒಂದು ಗುಣ, ಹೊರಗಿನ ಸ್ನಾಯುವಿನ ಪದರಕ್ಕೆ ಇನ್ನೊಂದು. ಎಳೆದು ಹಿಡಿದರೆ ಕಾಲ ಕಳೆದಂತೆ ಅದು ತುಸು ಸಡಿಲುತ್ತದೆ; ಆ ಸಡಿಲಿಕೆಯನ್ನೂ ಅಳೆದರು. ಈ ಅಂಕಿಗಳನ್ನು ಕೊಟ್ಟ ಮೇಲೆ ಪರದೆಯ ಮೇಲೆ ಒಂದು ಮೂತ್ರನಾಳ ರೂಪುಗೊಂಡಿತು. ಅದಕ್ಕೆ ಪಟ್ಟಿಯನ್ನು ಸುತ್ತಿ, ಪಟ್ಟಿಯನ್ನು ಉಬ್ಬಿಸಿ, ಯಾವ ಒತ್ತಡದಲ್ಲಿ ಒಳದಾರಿ ಮುಚ್ಚುತ್ತದೆ, ಮುಚ್ಚುವಾಗ ಗೋಡೆಯ ಯಾವ ಮೂಲೆ ಎಷ್ಟು ನಲುಗುತ್ತದೆ ಎಂದು ನೋಡತೊಡಗಿದರು.

ಇಲ್ಲಿ ಕಂಡುಬರುವ ಮುಖ್ಯ ಸಂಗತಿಯೊಂದಿದೆ. ಬೆಲೂನಿನ ಒತ್ತಡ ಒಂದೇ ಇದ್ದರೂ ಅಂಗಾಂಶದ ಒಳಗಿನ ಒತ್ತು ಎಲ್ಲೆಡೆ ಒಂದೇ ಆಗಿರುವುದಿಲ್ಲ. ಚಪ್ಪಟೆಯ ಪಟ್ಟಿಯನ್ನು ಉಂಗುರವಾಗಿ ಬಾಗಿಸಿ ಉಬ್ಬಿಸಿದರೆ ಅದರ ಒಳಮೈ ದಿಂಬುಗಳಂತೆ ಎದ್ದು, ನಡುವೆ ಮಡಿಕೆಗಳಾಗುತ್ತವೆ. ದಿಂಬು ಒತ್ತುವ ಕಡೆ ಒಂದು, ಮಡಿಕೆ ಚಿವುಟುವ ಕಡೆ ಇನ್ನೊಂದು, ಪಟ್ಟಿಯ ಅಂಚಿನಲ್ಲಿ ಮತ್ತೊಂದು. ಅಗಲದ ಪ್ರಶ್ನೆಯೂ ಹಾಗೆಯೇ. ತೋಳಿಗೆ ಕಿರಿದಾದ ಪಟ್ಟಿ ಕಟ್ಟಿದರೆ ರಕ್ತದೊತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆಂಬುದು ವೈದ್ಯರಿಗೆಲ್ಲ ತಿಳಿದದ್ದು. ಕಿರಿದಾದ ಪಟ್ಟಿಯಿಂದ ಮುಚ್ಚಬೇಕಾದರೆ ಹೆಚ್ಚು ಒತ್ತಬೇಕು. ಅಗಲವಾದರೆ ಕಡಿಮೆ ಒತ್ತು ಸಾಕು, ಆದರೆ ಹೆಚ್ಚು ಜಾಗ ನಲುಗುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಯಾವುದು ಲಾಭ ಎಂಬುದನ್ನು ಪರದೆಯ ಮೇಲೆ ಹತ್ತು ಅಗಲ, ಹತ್ತು ಆಕಾರಗಳನ್ನು ಹಾಕಿ ನೋಡಬಹುದು. ಹತ್ತು ರೋಗಿಗಳ ಮೇಲೆ ಹಾಗೆ ನೋಡಲು ಯಾವ ಸಜ್ಜನನೂ ಒಪ್ಪಲಾರ.

ಹೀಗೆಂದು ಪರದೆಯ ಮೇಲೆ ಕಂಡುದನ್ನೆಲ್ಲ ನಂಬಬೇಕೆಂದು ನಾನು ಹೇಳುವುದಿಲ್ಲ. ಆ ಚಿತ್ರಗಳು ಬಲು ಸುಂದರ. ನಲುಗಿದ ಕಡೆ ಕೆಂಪು, ನೆಮ್ಮದಿಯ ಕಡೆ ನೀಲಿ, ನಡುವೆ ಹಳದಿ ಹಸಿರು. ಕೆಂಪು ಕಡಿಮೆಯಾದ ಕೂಡಲೇ ರೋಗ ವಾಸಿಯಾಯಿತೆಂಬ ಭ್ರಮೆ ಹುಟ್ಟಿಸುವ ಶಕ್ತಿ ಅವುಗಳಿಗಿದೆ. ಕುದುರೆಯ ನಾಳ ಮನುಷ್ಯನದಲ್ಲ. ಆರೋಗ್ಯವಾದ ನಾಳ ಎಪ್ಪತ್ತು ವರ್ಷದ, ಒಮ್ಮೆ ಶಸ್ತ್ರಕ್ರಿಯೆಯಾದ, ವಿಕಿರಣಚಿಕಿತ್ಸೆಯಲ್ಲಿ ಬೆಂದ ನಾಳವಲ್ಲ. ಪಾದುವಾದವರು ಇದನ್ನು ಬಲ್ಲರು. 2020ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಜೀರ್ಣಗೊಂಡ ಅಂಗಾಂಶವನ್ನೇ ಲೆಕ್ಕಕ್ಕೆ ತೆಗೆದುಕೊಂಡು ಪಟ್ಟಿ ಅದರೊಡನೆ ಹೇಗೆ ವರ್ತಿಸುತ್ತದೆಂದು ನೋಡಿದರು. ಆದರೂ ಒಂದು ಕಷ್ಟ ಉಳಿಯುತ್ತದೆ. ನಾನು ಪಾಠ ಹೇಳಿದ ತೊಲೆ ಭಾರ ಹೊತ್ತು ತಪ್ಪಿದರೆ ಬಾಗುತ್ತಿತ್ತು, ಅಷ್ಟೆ. ಜೀವಂತ ಅಂಗಾಂಶ ಭಾರ ಹೊರುತ್ತ ಹೊರುತ್ತ ತನ್ನ ಸ್ವರೂಪವನ್ನೇ ಬದಲಿಸಿಕೊಳ್ಳುತ್ತದೆ. ಇಂದಿನ ಒತ್ತಿನಿಂದ ಐದು ವರ್ಷದ ಮೇಲಿನ ನಾಳ ಹುಟ್ಟುತ್ತದೆ. ಐದು ವರ್ಷದ ಮೇಲೆ ಅದೇ ಪಟ್ಟಿ ಬೇರೊಂದು ನಾಳವನ್ನು ಒತ್ತುತ್ತಿರುತ್ತದೆ. ಒಂದು ಕ್ಷಣದ ಲೆಕ್ಕ ಕೈಗೆ ಬಂದಿದೆ. ವರ್ಷಗಳ ಲೆಕ್ಕವನ್ನು ಹಿಡಿಯುವುದೇ ನಿಜವಾದ ಸಾಹಸ.

ಲೆಕ್ಕ ಬೇಡವೆನ್ನುವವರಿಗೆ ಇಂಗ್ಲೆಂಡಿನ ಉದಾಹರಣೆಯನ್ನು ನೆನಪಿಸಬೇಕು. ಹೆಂಗಸರ ಈ ತೊಂದರೆಗೆ ಪ್ಲಾಸ್ಟಿಕ್ ಎಳೆಯ ಜಾಲರಿಯ ಪಟ್ಟಿಯೊಂದನ್ನು ಮೂತ್ರನಾಳದ ಕೆಳಗೆ ತೊಟ್ಟಿಲಿನಂತೆ ಇಡುವ ಪದ್ಧತಿ 1990ರ ದಶಕದ ಕೊನೆಯಿಂದ ವೇಗವಾಗಿ ಹರಡಿತು. ಅನೇಕರಿಗೆ ಗುಣವಾಯಿತು ಎಂಬುದನ್ನು ಮರೆಯಬಾರದು. ಆದರೆ ಕೆಲವರಲ್ಲಿ ಜಾಲರಿ ಅಂಗಾಂಶವನ್ನು ಕೊರೆದು, ತೆಗೆಯಲೂ ಆಗದ ನೋವನ್ನು ಕೊಟ್ಟಿತು. 2018ರಲ್ಲಿ ಅಲ್ಲಿ ಅದರ ಬಳಕೆಯನ್ನು ತಡೆಹಿಡಿದರು. 2020ರಲ್ಲಿ ಬ್ಯಾರೊನೆಸ್ ಕಂಬರ್ಲೆಜ್ ಅವರ ವರದಿ ಹೊರಬಂತು. ಆ ವರದಿಯಲ್ಲಿ ನನ್ನ ಮನಸ್ಸನ್ನು ಕಲಕಿದ ಅಂಶವೆಂದರೆ, ಆ ಹೆಂಗಸರು ನೋವೆಂದು ಹೇಳಿದಾಗ ವರ್ಷಗಟ್ಟಲೆ ಯಾರೂ ಅದಕ್ಕೆ ಕಿವಿಗೊಡಲಿಲ್ಲ ಎಂಬುದು. ಗಣಕಯಂತ್ರದ ಲೆಕ್ಕ ಆ ಕಿವುಡಿಗೆ ಮದ್ದಲ್ಲ. ಆದರೆ ಗಟ್ಟಿಯಾದ ಎಳೆ ಮೃದುವಾದ ಗೋಡೆಯನ್ನು ಎಲ್ಲಿ ಕೊಯ್ಯಬಹುದೆಂದು ಮೊದಲೇ ಕೇಳಲು ಅದರಿಂದ ಸಾಧ್ಯವಿತ್ತು.

ಈಗ ಹೊಸ ಬಗೆಯ ಸಾಧನಗಳು ಬರುತ್ತಿವೆ. ಪಂಪನ್ನು ಅದುಮಲು ಬೆರಳಿನಲ್ಲಿ ಬಲ ಬೇಕು, ಸಂಧಿವಾತದಿಂದ ಬೆರಳು ಸೊಟ್ಟಗಾದ ಮುದುಕರಿಗೆ ಅದೇ ದೊಡ್ಡ ಅಡ್ಡಿ. ಆದ್ದರಿಂದ ಪುಟ್ಟ ವಿದ್ಯುತ್ ಯಂತ್ರದಿಂದ ನಡೆಯುವ, ರೋಗಿ ಕುಳಿತಾಗ ಒಂದು ಒತ್ತಡವನ್ನೂ ನಡೆಯುವಾಗ ಇನ್ನೊಂದನ್ನೂ ಕೊಡಬಲ್ಲ ಕೃತಕ ಸಂಕೋಚಕವನ್ನು ಫ್ರಾನ್ಸಿನಲ್ಲಿ ರೂಪಿಸಿ, 2022ರಲ್ಲಿ ಮೊದಲ ಬಾರಿಗೆ ಮನುಷ್ಯನಲ್ಲಿ ಅಳವಡಿಸಿದರು. ಅಂಥ ಯಂತ್ರಕ್ಕೆ ಎಷ್ಟು ಬಿಗಿಯಬೇಕು, ಎಷ್ಟು ಸಡಿಲಿಸಬೇಕು ಎಂದು ಯಾರಾದರೂ ಹೇಳಿಕೊಡಬೇಕಾಗುತ್ತದೆ. ಕೆಮ್ಮಿಗೆ ಇಷ್ಟು, ಮೆಟ್ಟಿಲಿಗೆ ಇಷ್ಟು, ನಿದ್ರೆಗೆ ಇಷ್ಟು ಎಂಬ ಆ ಪಟ್ಟಿಯನ್ನು ಬರೆಯಲು ನಾನು ಹೇಳಿದ ಲೆಕ್ಕವೇ ಬೇಕು.

ನಿದ್ರೆಯ ಮಾತು ಬಂದುದರಿಂದ ಒಂದು ವಿವರವನ್ನು ಸೇರಿಸುತ್ತೇನೆ. ಹಳೆಯ ‘800’ ಮಾದರಿಯ ಪಂಪಿನಲ್ಲಿ ಒಂದು ಸಣ್ಣ ಗುಂಡಿಯಿದೆ. ಪಟ್ಟಿಯನ್ನು ಬರಿದು ಮಾಡಿ ಆ ಗುಂಡಿಯನ್ನು ಒತ್ತಿದರೆ ಅದು ಮತ್ತೆ ತುಂಬಿಕೊಳ್ಳುವುದಿಲ್ಲ. ಶಸ್ತ್ರಕ್ರಿಯೆಯಾದ ಮೇಲೆ ಗಾಯ ಮಾಯಲೆಂದು ಸುಮಾರು ಆರು ವಾರ ಹಾಗೆಯೇ ಬಿಟ್ಟಿರುತ್ತಾರೆ. ಆಮೇಲೆ ಕೂಡ, ಮಲಗಿದಾಗ ಸೋರುವುದು ಕಡಿಮೆಯಾದ ರೋಗಿಗಳಿಗೆ, ರಾತ್ರಿ ಗುಂಡಿಯನ್ನು ಒತ್ತಿ ಮಲಗಿ ಎಂದು ಕೆಲವು ವೈದ್ಯರು ಹೇಳುತ್ತಾರೆ. ಆಗ ದಿನವಿಡೀ ನಲುಗಿದ ಆ ನಾಳಕ್ಕೆ ಬೆಳಗಿನವರೆಗೆ ರಕ್ತ ತಡೆಯಿಲ್ಲದೆ ಹರಿಯುತ್ತದೆ. ಏಳುವಾಗ ಪಂಪನ್ನು ಒಮ್ಮೆ ಬಲವಾಗಿ ಅದುಮಬೇಕು. ಒಳಗೆ ಪಟ್ಟಿ ನಿಧಾನವಾಗಿ ತುಂಬಿಕೊಳ್ಳುವಷ್ಟು ಹೊತ್ತು ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದು, ಆಮೇಲೆ ಎದ್ದು ಕಾಫಿಗೆ ಹೋಗಬಹುದು.